ಜೀವಕೋಶದ ಹಂದರ ಮತ್ತು ನಾವು ಬಳಸುವ ಔಷಧಗಳು

(ಕೊಡಿಗೇಹಳ್ಳಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ನಾನು ಮಾತನಾಡಬೇಕಾದ ವಿಷಯ ಜೀವಕೋಶದ ಸೈಟೋಸ್ಕೆಲಿಟನ್, ಅದರ ರಚನೆ ಮತ್ತು ಕಾರ್ಯ. ಪ್ರಥಮ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಈ ವಿಷಯಕ್ಕೆ ಸಿಕ್ಕಿರುವುದು ಕೆಲವೇ ಸಾಲು. ನಮ್ಮ ಮಕ್ಕಳು ಅದನ್ನು ಕಂಠಪಾಠ ಮಾಡಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ಆದರೆ ಕೀಲುನೋವಿಗೆ ಹಕೀಮರು ಕೊಡುವ ಒಂದು ಗಡ್ಡೆ, ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಆಸ್ಪತ್ರೆಯಲ್ಲಿ ಏರಿಸುವ ಒಂದು ಔಷಧ, ಸ್ತನ ಕ್ಯಾನ್ಸರಿಗೆ ಕೊಡುವ ಇನ್ನೊಂದು ಔಷಧ, ಈ ಮೂರೂ ಕೆಲಸ ಮಾಡುವುದು ಆ ಕೆಲವು ಸಾಲುಗಳಲ್ಲಿ ಹೇಳಿರುವ ವಸ್ತುವಿನ ಮೇಲೆಯೇ. ಆದ್ದರಿಂದ ಈ ಮಾತು ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಾಯಂದಿರಿಗೂ ತಂದೆಯರಿಗೂ ಸೇರಿದ್ದು.

ಹಂದರ ಎಂದರೇನು?

ನಮ್ಮ ದೇಹದ ಒಂದು ಸಾಮಾನ್ಯ ಜೀವಕೋಶದ ಅಗಲ ಸುಮಾರು 10ರಿಂದ 20 ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೋಮೀಟರ್ ಇರುತ್ತದೆ. ಇಷ್ಟು ಸಣ್ಣ ಕೋಶವನ್ನು ನೀರು ತುಂಬಿದ ಚೀಲವೆಂದು ನಾವು ಚಿತ್ರದಲ್ಲಿ ಬರೆಯುತ್ತೇವೆ. ಬರೀ ನೀರಿನ ಚೀಲವಾಗಿದ್ದರೆ ಎಲ್ಲ ಕೋಶಗಳೂ ಉಂಡೆಯಾಗಿ ಇರಬೇಕಿತ್ತು. ಹಾಗಿಲ್ಲ. ನರಕೋಶಕ್ಕೆ ಉದ್ದನೆಯ ಬಾಲವಿದೆ, ಕೆಂಪು ರಕ್ತಕಣ ನಡುವೆ ತಗ್ಗಾದ ಬಿಲ್ಲೆಯಂತಿದೆ, ಬಿಳಿ ರಕ್ತಕಣ ರೂಪ ಬದಲಿಸುತ್ತ ತೆವಳುತ್ತದೆ. ಈ ಆಕಾರವನ್ನೂ ಚಲನೆಯನ್ನೂ ಕೊಡುವುದು ಕೋಶದೊಳಗಿನ ಪ್ರೋಟೀನ್ ಎಳೆಗಳ ಜಾಲ. ಅದೇ ಸೈಟೋಸ್ಕೆಲಿಟನ್. ಕೋಶದ ಅಸ್ಥಿಪಂಜರ ಎಂದು ಅನುವಾದಿಸುವುದುಂಟು. ಅಸ್ಥಿ ಎಂದೊಡನೆ ಗಟ್ಟಿಯಾಗಿ ನಿಂತ ಮೂಳೆ ನೆನಪಾಗುತ್ತದೆ, ಇದು ಹಾಗಲ್ಲ. ಹಂದರ ಎನ್ನುವುದು ಹೆಚ್ಚು ಒಪ್ಪುತ್ತದೆ.

ಮದುವೆ ಮನೆಯ ಶಾಮಿಯಾನವನ್ನು ನೆನಪಿಸಿಕೊಳ್ಳಿ. ಅಲ್ಲಿ ನೆಟ್ಟ ಕಂಬಗಳಿವೆ, ಎಳೆದು ಕಟ್ಟಿದ ಹಗ್ಗಗಳಿವೆ, ಹರಿಯದಂತೆ ಬಟ್ಟೆಯ ಅಂಚಿಗೆ ಹೊಲಿದ ದಪ್ಪ ಪಟ್ಟಿಯಿದೆ. ಕೋಶದಲ್ಲೂ ಮೂರು ಬಗೆಯ ಎಳೆಗಳಿವೆ.

ಮೊದಲನೆಯದು ಆಕ್ಟಿನ್ ಎಳೆ. ಇದರ ದಪ್ಪ ಸುಮಾರು 7 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ 7 ಭಾಗ. ಹಂಗೇರಿಯ ಬ್ರೂನೊ ಸ್ಟ್ರಾಬ್ 1942ರಲ್ಲಿ ಇದನ್ನು ಸ್ನಾಯುವಿನಲ್ಲಿ ಗುರುತಿಸಿದರು. ಮುಂದೆ ಎಲ್ಲ ಪ್ರಾಣಿಕೋಶಗಳಲ್ಲೂ ಇದು ಕಂಡುಬಂತು. ಇದು ಹಗ್ಗದಂತೆ ಎಳೆಯುವ ಕೆಲಸ ಮಾಡುತ್ತದೆ. ಗಾಯವಾದಾಗ ಚರ್ಮದ ಕೋಶಗಳು ಸರಿದು ಬಂದು ಗಾಯ ಮುಚ್ಚುವುದು, ಬಿಳಿ ರಕ್ತಕಣ ರೋಗಾಣುವಿನತ್ತ ತೆವಳುವುದು ಇದರಿಂದಲೇ. ಒಂದು ಕೋಶ ಎರಡಾಗುವಾಗ ಕೊನೆಗೆ ನಡುವನ್ನು ಬಿಗಿದು ಬೇರ್ಪಡಿಸುವುದೂ ಆಕ್ಟಿನ್ ಉಂಗುರವೇ, ಚೀಲದ ಬಾಯಿಗೆ ಲಾಡಿ ಎಳೆದಂತೆ.

ಎರಡನೆಯದು ಮಧ್ಯಮ ಎಳೆ, ದಪ್ಪ ಸುಮಾರು 10 ನ್ಯಾನೋಮೀಟರ್. ಇದು ಶಾಮಿಯಾನದ ಅಂಚಿನ ಪಟ್ಟಿಯಂತೆ, ಎಳೆತ ಬಿದ್ದರೂ ಹರಿಯದಂತೆ ಕಾಯುತ್ತದೆ. ನಮ್ಮ ಕೂದಲು, ಉಗುರುಗಳ ಕೆರಾಟಿನ್ ಈ ಗುಂಪಿನದು. ಚರ್ಮದ ಕೆರಾಟಿನ್‌ನಲ್ಲಿ ಹುಟ್ಟಿನಿಂದಲೇ ದೋಷವಿರುವ ಕೆಲವು ಮಕ್ಕಳಿಗೆ ಸ್ವಲ್ಪ ಉಜ್ಜಿದರೂ ಗುಳ್ಳೆಗಳು ಏಳುತ್ತವೆ. ಒಂದು ಎಳೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಮೈಕ್ರೋಟ್ಯೂಬ್ಯೂಲ್, ಅಂದರೆ ಸೂಕ್ಷ್ಮನಳಿಕೆ. ಮೂರರಲ್ಲಿ ದಪ್ಪನಾದದ್ದು, ಸುಮಾರು 25 ನ್ಯಾನೋಮೀಟರ್. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಜೋಡಿಗಳು ಇಟ್ಟಿಗೆಯಂತೆ ಸಾಲಾಗಿ ಕೂಡಿ, ಸಾಮಾನ್ಯವಾಗಿ 13 ಸಾಲುಗಳು ಸುತ್ತುವರಿದು ಒಂದು ಟೊಳ್ಳು ಕೊಳವೆಯಾಗುತ್ತದೆ. ಇದು ಕಂಬವೂ ಹೌದು, ದಾರಿಯೂ ಹೌದು. ಇಂದಿನ ನನ್ನ ಮಾತು ಮುಖ್ಯವಾಗಿ ಈ ನಳಿಕೆಯ ಬಗ್ಗೆ.

ಕಟ್ಟುವುದು, ಕೆಡವುವುದು

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ನಳಿಕೆಗಳನ್ನು ಸ್ಪಷ್ಟವಾಗಿ ಕಂಡು ಅವಕ್ಕೆ ಹೆಸರು ಕೊಟ್ಟದ್ದು 1963ರಲ್ಲಿ. ಚಿತ್ರದಲ್ಲಿ ಅವು ನಿಂತ ಕಂಬಗಳಂತೆಯೇ ಕಾಣುತ್ತಿದ್ದವು. ಆದರೆ 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ ಎಂಬ ವಿಜ್ಞಾನಿಗಳು ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಒಂದೇ ದ್ರಾವಣದಲ್ಲಿ, ಒಂದೇ ಹೊತ್ತಿನಲ್ಲಿ ಕೆಲವು ನಳಿಕೆಗಳು ಬೆಳೆಯುತ್ತಿದ್ದರೆ ಪಕ್ಕದಲ್ಲೇ ಇನ್ನು ಕೆಲವು ಕುಸಿಯುತ್ತಿದ್ದವು. ಬೆಳೆಯುತ್ತಿದ್ದ ನಳಿಕೆಯೂ ಇದ್ದಕ್ಕಿದ್ದಂತೆ ಕುಸಿಯಲಾರಂಭಿಸುತ್ತದೆ, ಕುಸಿಯುತ್ತಿದ್ದುದು ಮತ್ತೆ ಬೆಳೆಯಬಹುದು.

ಇದರ ಗುಟ್ಟು ಇಷ್ಟು. ಪ್ರತಿಯೊಂದು ಟ್ಯೂಬ್ಯುಲಿನ್ ಇಟ್ಟಿಗೆಯೂ ನಳಿಕೆಗೆ ಸೇರುವಾಗ ಜಿಟಿಪಿ ಎಂಬ ಶಕ್ತಿಯ ಅಣುವನ್ನು ಹೊತ್ತು ಬರುತ್ತದೆ. ಸೇರಿದ ಸ್ವಲ್ಪ ಹೊತ್ತಿನಲ್ಲಿ ಆ ಶಕ್ತಿ ವ್ಯಯವಾಗುತ್ತದೆ. ತುದಿಯಲ್ಲಿ ಹೊಸ ಇಟ್ಟಿಗೆಗಳು ಬಂದು ಕೂರುತ್ತಿರುವವರೆಗೆ ಅವು ಟೋಪಿಯಂತೆ ನಳಿಕೆಯನ್ನು ಹಿಡಿದಿರುತ್ತವೆ. ಟೋಪಿ ಕಳಚಿತೆಂದರೆ 13 ಸಾಲುಗಳೂ ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಹೊರಕ್ಕೆ ಬಾಗಿ ಬಿಚ್ಚಿಕೊಳ್ಳುತ್ತವೆ. ಬಿಚ್ಚಿದ ಇಟ್ಟಿಗೆಗಳು ವ್ಯರ್ಥವಾಗುವುದಿಲ್ಲ, ಮತ್ತೊಂದು ನಳಿಕೆಗೆ ಹೋಗಿ ಸೇರುತ್ತವೆ.

ಕಟ್ಟಿದ್ದನ್ನು ಕೆಡವುವುದು ಶಕ್ತಿಯ ದುಂದುವೆಚ್ಚವಲ್ಲವೇ ಎಂದು ನೀವು ಕೇಳಬಹುದು. ಕೋಶ ಎರಡಾಗುವ ಸಮಯವನ್ನು ಗಮನಿಸಿ. ದುಪ್ಪಟ್ಟಾದ ವರ್ಣತಂತುಗಳನ್ನು ಎರಡು ಮಗ್ಗುಲಿಗೆ ಸರಿಸಮವಾಗಿ ಹಂಚಬೇಕು. ವರ್ಣತಂತು ಎಲ್ಲಿದೆ ಎಂಬುದು ನಳಿಕೆಗೆ ಮೊದಲೇ ತಿಳಿದಿರುವುದಿಲ್ಲ. ನಳಿಕೆ ಒಂದು ದಿಕ್ಕಿಗೆ ಬೆಳೆಯುತ್ತದೆ, ಏನೂ ಸಿಗದಿದ್ದರೆ ಕುಸಿದು ಇನ್ನೊಂದು ದಿಕ್ಕಿಗೆ ಬೆಳೆಯುತ್ತದೆ. ಕತ್ತಲೆ ಕೋಣೆಯಲ್ಲಿ ಕೈ ಚಾಚಿ ತಡಕಿದಂತೆ ತಡಕಿ ಕೊನೆಗೆ ವರ್ಣತಂತುವನ್ನು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅನೇಕ ನಳಿಕೆಗಳು ಒಂದು ನಿಮಿಷವೂ ಬಾಳುವುದಿಲ್ಲ. ಹೀಗೆ ಕೆಡವುವ ಸ್ವಾತಂತ್ರ್ಯ ಇರುವುದರಿಂದಲೇ ಹಂಚಿಕೆ ಸರಿಯಾಗಿ ನಡೆಯುತ್ತದೆ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ: ನಳಿಕೆ ಕಟ್ಟಲಾಗದಿದ್ದರೂ ಕೋಶಕ್ಕೆ ಅಪಾಯ, ಕೆಡವಲಾಗದಿದ್ದರೂ ಅಪಾಯ. ಮುಂದೆ ಹೇಳುವುದೆಲ್ಲ ಇದರಿಂದಲೇ ಹೊರಡುತ್ತದೆ.

ಸೂರಂಜಾನ್ ಹೇಳಿದ ಕಥೆ

ಸೂರಂಜಾನ್ ಎಂಬ ಹೆಸರನ್ನು ಇಲ್ಲಿರುವ ಹಿರಿಯರು ಕೇಳಿರುತ್ತೀರಿ. ಇದು ಕಾಲ್ಚಿಕಮ್ ಜಾತಿಯ ಗಿಡದ ಗಡ್ಡೆ. ಯುನಾನಿ ವೈದ್ಯದಲ್ಲಿ ಮಅಜೂನ್ ಸೂರಂಜಾನ್, ಹಬ್ಬೆ ಸೂರಂಜಾನ್ ಎಂಬ ಔಷಧಗಳನ್ನು ಕೀಲುನೋವಿಗೆ ಕೊಡುತ್ತಾರೆ. ಇಬ್ನ್ ಸೀನಾ (980-1037) ಅವರ ವೈದ್ಯಗ್ರಂಥದಲ್ಲೂ ಇದರ ಪ್ರಸ್ತಾಪವಿದೆ. ಈ ಗಡ್ಡೆಯ ಸಾರವನ್ನು 1820ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಮತ್ತು ಕವಾಂಟು ಬೇರ್ಪಡಿಸಿದರು. ಅದೇ ಕಾಲ್ಚಿಸಿನ್. ಇಂದಿಗೂ ಗೌಟ್ ಎಂಬ ತೀವ್ರ ಕೀಲುನೋವಿಗೆ ಆಧುನಿಕ ವೈದ್ಯರು ಇದೇ ಕಾಲ್ಚಿಸಿನ್ ಮಾತ್ರೆಯನ್ನು ಬರೆದುಕೊಡುತ್ತಾರೆ. ನಮ್ಮ ಕಾಡುಗಳಲ್ಲಿ ಬೆಳೆಯುವ ಅಗ್ನಿಶಿಖೆಯ ಗಡ್ಡೆಯಲ್ಲೂ ಕಾಲ್ಚಿಸಿನ್ ಇದೆ.

ಇದು ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ ಎಂಬುದು ಬಹಳ ಹಿಂದೆಯೇ ತಿಳಿದಿತ್ತು. ಹೇಗೆ ನಿಲ್ಲಿಸುತ್ತದೆ ಎಂಬುದು ತಿಳಿದಿರಲಿಲ್ಲ. 1967ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಗ್ಯಾರಿ ಬೊರಿಸಿ ಮತ್ತು ಎಡ್ವಿನ್ ಟೇಲರ್ ವಿಕಿರಣಶೀಲ ಗುರುತು ಹಾಕಿದ ಕಾಲ್ಚಿಸಿನ್ ತೆಗೆದುಕೊಂಡು, ಅದು ಕೋಶದಲ್ಲಿ ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂದು ಹುಡುಕಿದರು. ವಿಭಜನೆಯಾಗುವ ಕೋಶಗಳಲ್ಲಿ ಅಂಟುತ್ತದೆ ಎಂಬ ನಿರೀಕ್ಷೆ ಸರಿಯಾಯಿತು. ಆದರೆ ಮಿದುಳಿನ ಅಂಗಾಂಶಕ್ಕೂ ಅದು ಹೇರಳವಾಗಿ ಅಂಟಿತು. ಬಲಿತ ಮಿದುಳಿನ ನರಕೋಶಗಳಾದರೋ ವಿಭಜನೆಯಾಗುವುದಿಲ್ಲ. ಹಾಗಾದರೆ ಅಲ್ಲಿ ಇದಕ್ಕೇನು ಕೆಲಸ? ಉತ್ತರ ಇಷ್ಟೇ: ಕಾಲ್ಚಿಸಿನ್ ಅಂಟುವುದು ನಳಿಕೆಯ ಇಟ್ಟಿಗೆಗೆ. ನರಕೋಶಗಳಲ್ಲಿ ನಳಿಕೆಗಳು ತುಂಬಿವೆ. ಮರುವರ್ಷ, 1968ರಲ್ಲಿ, ಜಪಾನಿನ ಹಿದೆಯೊ ಮೋರಿ ಈ ಪ್ರೋಟೀನಿಗೆ ಟ್ಯೂಬ್ಯುಲಿನ್ ಎಂದು ಹೆಸರಿಟ್ಟರು. ಹೀಗೆ ಹಕೀಮರ ಡಬ್ಬಿಯಲ್ಲಿದ್ದ ಗಡ್ಡೆಯ ಸಾರವೇ ಕೋಶದ ಹಂದರದ ಒಂದು ಮುಖ್ಯ ಇಟ್ಟಿಗೆಯನ್ನು ತೋರಿಸಿಕೊಟ್ಟಿತು.

ಗೌಟ್‌ನಲ್ಲಿ ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಸೇರಿದಾಗ ಬಿಳಿ ರಕ್ತಕಣಗಳು ಅಲ್ಲಿಗೆ ದಂಡೆತ್ತಿ ಬಂದು ಊತ, ಉರಿ ಉಂಟುಮಾಡುತ್ತವೆ. ಕಾಲ್ಚಿಸಿನ್ ಅವುಗಳ ನಳಿಕೆಗಳನ್ನು ಕೆಡಿಸಿ ಆ ದಂಡಯಾತ್ರೆಯನ್ನು ತಡೆಯುತ್ತದೆ. ಆದರೆ ನೋವು ತಗ್ಗಿಸುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆಯ ಕೋಶಗಳು ದಿನವೂ ವಿಭಜನೆಯಾಗುತ್ತವೆ, ಆದ್ದರಿಂದ ಪ್ರಮಾಣ ಮೀರಿದರೆ ವಾಂತಿ, ಭೇದಿಯಿಂದ ತೊಡಗಿ ಸಾವಿನವರೆಗೂ ಹೋಗಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ, ಕ್ಲಾರಿಥ್ರೋಮೈಸಿನ್‌ನಂತಹ ಕೆಲವು ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಸೂರಂಜಾನ್‌ನಲ್ಲಿ ಶೀರೀನ್ ಅಂದರೆ ಸಿಹಿ, ತಲ್ಖ್ ಅಂದರೆ ಕಹಿ ಎಂಬ ಎರಡು ಬಗೆಗಳಿವೆ. ಕಹಿಯದು ಹೆಚ್ಚು ವಿಷಕರ. ಅಂಗಡಿಯಿಂದ ಗಡ್ಡೆ ತಂದು ಕೈಯಳತೆಯಲ್ಲಿ ಪುಡಿ ಮಾಡಿ ಕುಡಿಯಬೇಡಿ. ಅರ್ಹ ಯುನಾನಿ ವೈದ್ಯರನ್ನು ಕೇಳಿ. ನಮ್ಮ ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲೇ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ಇದೆ. ಬೇರೆ ವೈದ್ಯರ ಮಾತ್ರೆಯೂ ನಡೆಯುತ್ತಿದ್ದರೆ ಇಬ್ಬರಿಗೂ ತಿಳಿಸಿ.

ನರಕೋಶದ ಹಮಾಲರು

ಈಗ ಮಿದುಳಿನ ಪ್ರಶ್ನೆಗೆ ಮರಳೋಣ. ವಿಭಜನೆಯಾಗದ ನರಕೋಶಕ್ಕೆ ಅಷ್ಟೊಂದು ನಳಿಕೆ ಏಕೆ?

ಬೆನ್ನುಹುರಿಯಿಂದ ಕಾಲಿನ ತುದಿಗೆ ಹೋಗುವ ಒಂದು ನರಕೋಶದ ಬಾಲ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅದಕ್ಕೆ ಬೇಕಾದ ಬಹುಪಾಲು ಪ್ರೋಟೀನು ತಯಾರಾಗುವುದು ಬೆನ್ನುಹುರಿಯ ಬಳಿ ಇರುವ ಕೋಶದ ಒಡಲಿನಲ್ಲಿ. ಅಲ್ಲಿಂದ ಕಾಲ್ಬೆರಳವರೆಗೆ ಸರಕು ಸಾಗಬೇಕು. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲರು ಮೂಟೆ ಹೊತ್ತು ಸಾಗಿಸುವುದನ್ನು ನೀವು ನೋಡಿದ್ದೀರಿ. ಕೋಶದೊಳಗೂ ಅಂಥ ಹಮಾಲರಿದ್ದಾರೆ. 1985ರಲ್ಲಿ ರಾನ್ ವೇಲ್, ಥಾಮಸ್ ರೀಸ್ ಮತ್ತು ಮೈಕೆಲ್ ಶೀಟ್ಸ್ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪನೆಯ ನರದಿಂದ ಕೈನೆಸಿನ್ ಎಂಬ ಪ್ರೋಟೀನನ್ನು ಕಂಡುಹಿಡಿದರು. ಇದಕ್ಕೆ ಎರಡು ಪಾದಗಳಿವೆ. ಒಂದರ ಮುಂದೆ ಒಂದಿಟ್ಟು ನಳಿಕೆಯ ಮೇಲೆ ನಡೆಯುತ್ತದೆ. ಒಂದು ಹೆಜ್ಜೆ 8 ನ್ಯಾನೋಮೀಟರ್, ಅಂದರೆ ಒಂದು ಇಟ್ಟಿಗೆ ಜೋಡಿಯಷ್ಟು. ಪ್ರತಿ ಹೆಜ್ಜೆಗೂ ಎಟಿಪಿಯ ಒಂದು ಅಣು ಖರ್ಚು. ಒಂದು ಮೀಟರಿಗೆ ಹನ್ನೆರಡೂವರೆ ಕೋಟಿ ಹೆಜ್ಜೆ! ಒಬ್ಬನೇ ಅಷ್ಟು ದೂರ ನಡೆಯುವುದಿಲ್ಲ, ಒಬ್ಬ ಬಿಟ್ಟ ಮೂಟೆಯನ್ನು ಇನ್ನೊಬ್ಬ ಹೊರುತ್ತಾನೆ. ವೇಗದ ಸರಕು ದಿನಕ್ಕೆ 400 ಮಿಲಿಮೀಟರ್‌ವರೆಗೂ ಸಾಗಬಲ್ಲದು. ಹಿಂದಿರುಗುವ ಸರಕನ್ನು ಡೈನೀನ್ ಎಂಬ ಬೇರೊಬ್ಬ ಹಮಾಲ ಹೊತ್ತು ತರುತ್ತಾನೆ.

ದಾರಿಯೇ ಕೆಟ್ಟರೆ? ಮೊದಲು ಸರಕು ನಿಲ್ಲುವುದು ಅತಿ ದೂರದ ಊರಿಗೆ. ದೇಹದಲ್ಲಿ ಆ ದೂರದ ಊರು ಪಾದ ಮತ್ತು ಬೆರಳ ತುದಿ.

ನಿತ್ಯಪುಷ್ಪ ಮತ್ತು ಒಂದು ಮರದ ತೊಗಟೆ

ಅಂಗಳದಲ್ಲಿ, ಖಬರಸ್ತಾನದ ಬೇಲಿಯ ಬದಿಯಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ ನಿಮಗೆ ಗೊತ್ತು. ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ಅದರ ಮೂಲ ಮಡಗಾಸ್ಕರ್ ದ್ವೀಪ. ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ನಂಬಿಕೆ ಹಲವು ದೇಶಗಳಲ್ಲಿದೆ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನೇ ಪರೀಕ್ಷಿಸಲು ಹೊರಟರು. ಸಕ್ಕರೆ ಇಳಿಯಲಿಲ್ಲ, ಪ್ರಾಣಿಗಳ ಬಿಳಿ ರಕ್ತಕಣಗಳು ಇಳಿದವು. ಬಿಳಿ ರಕ್ತಕಣ ಮಿತಿಮೀರಿ ಹೆಚ್ಚುವ ಕಾಯಿಲೆಯೇ ರಕ್ತದ ಕ್ಯಾನ್ಸರ್ ಅಲ್ಲವೇ? ಆ ಗಿಡದಿಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಔಷಧಗಳು ಬಂದವು. ಇಂದು ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಎಲ್ಲೆಡೆ ಬಳಕೆಯಲ್ಲಿದೆ. ಇದು ಟ್ಯೂಬ್ಯುಲಿನ್‌ಗೆ ಅಂಟಿ ನಳಿಕೆ ಕಟ್ಟದಂತೆ ಮಾಡುತ್ತದೆ.

ಇನ್ನೊಂದು ಔಷಧ ಅಮೆರಿಕದ ಯೂ ಎಂಬ ಮರದ ತೊಗಟೆಯಿಂದ ಬಂತು. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾಣಿ. ಇದೇ ಟ್ಯಾಕ್ಸಾಲ್, ಪ್ಯಾಕ್ಲಿಟ್ಯಾಕ್ಸೆಲ್ ಎಂದೂ ಹೆಸರು. ಇದೂ ನಳಿಕೆಗೆ ಅಂಟುತ್ತದೆ, ಆದರೆ ಕೆಲಸ ಮಾತ್ರ ತದ್ವಿರುದ್ಧ ಎಂದು 1979ರಲ್ಲಿ ಸೂಸನ್ ಹಾರ್ವಿಟ್ಸ್ ತಂಡ ತೋರಿಸಿತು. ಕಟ್ಟಿದ ನಳಿಕೆ ಬಿಚ್ಚದಂತೆ ಇದು ಬಿಗಿ ಹಿಡಿಯುತ್ತದೆ. ಒಂದು ಕಟ್ಟಲು ಬಿಡದು, ಇನ್ನೊಂದು ಕೆಡವಲು ಬಿಡದು. ಫಲ ಒಂದೇ: ವಿಭಜನೆ ನಿಂತು ಕ್ಯಾನ್ಸರ್ ಕೋಶ ಸಾಯುತ್ತದೆ. ಆಗಲೇ ನೆನಪಿಡಿ ಎಂದು ಹೇಳಿದ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಪೋಷಕರು ಗಮನಿಸಬೇಕಾದುದು ಇಲ್ಲಿದೆ. ಈ ಔಷಧಗಳು ಕ್ಯಾನ್ಸರ್ ಕೋಶವನ್ನಷ್ಟೇ ಹುಡುಕಿ ಹೊಡೆಯುವುದಿಲ್ಲ. ಕೂದಲಿನ ಬುಡದ ಕೋಶಗಳು ಬೇಗ ವಿಭಜನೆಯಾಗುವುದರಿಂದ ಕೂದಲು ಉದುರುತ್ತದೆ. ನರಗಳ ನಳಿಕೆಗೂ ಪೆಟ್ಟು ಬೀಳುವುದರಿಂದ ಕೈಬೆರಳು, ಪಾದ ಜೋಮು ಹಿಡಿಯುತ್ತವೆ, ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತದೆ, ವಿನ್‌ಕ್ರಿಸ್ಟಿನ್ ಪಡೆಯುವ ಮಗುವಿಗೆ ಮಲಬದ್ಧತೆಯಾಗುತ್ತದೆ, ಕೆಲವೊಮ್ಮೆ ಪಾದ ಎತ್ತಿಡಲು ಆಗುವುದಿಲ್ಲ. ಇದನ್ನು ಕಂಡು ರೋಗ ಕಾಲಿಗೂ ಹರಡಿತೆಂದೋ, ಔಷಧ ವಿಷವಾಯಿತೆಂದೋ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವವರಿದ್ದಾರೆ. ಮಕ್ಕಳ ತೀವ್ರ ರಕ್ತ ಕ್ಯಾನ್ಸರಿನ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಪೂರ್ಣ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ, ನಡುವೆ ಬಿಟ್ಟರೆ ರೋಗ ಮರಳುತ್ತದೆ. ಆದ್ದರಿಂದ ಜೋಮು ಕಂಡ ಕೂಡಲೇ ವೈದ್ಯರಿಗೆ ಹೇಳಿ. ಅವರು ಪ್ರಮಾಣ ಇಳಿಸಬಹುದು, ಔಷಧ ಬದಲಿಸಬಹುದು. ಬಹಳಷ್ಟು ಮಕ್ಕಳಲ್ಲಿ ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಇದು ಸುಧಾರಿಸುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿಯುವುದೂ ಉಂಟು. ನಿಲ್ಲಿಸುವ ತೀರ್ಮಾನ ಮಾತ್ರ ಮನೆಯಲ್ಲಿ ಆಗಬಾರದು. ಹಾಗೆಯೇ ಸಕ್ಕರೆ ಕಾಯಿಲೆಗೆಂದು ನಿತ್ಯಪುಷ್ಪದ ಎಲೆ ಜಗಿಯುವುದನ್ನೂ ಬಿಡಿ. ಆ ಎಲೆ ಏನು ಮಾಡಬಲ್ಲದು ಎಂಬುದನ್ನು ಈಗ ಕೇಳಿದ್ದೀರಿ.

ನಮ್ಮ ನೆರೆಯಲ್ಲೇ

ವಿದ್ಯಾರ್ಥಿಗಳೇ, ಇದುವರೆಗೆ ನಾನು ಷಿಕಾಗೋ, ಜಪಾನ್, ಕೆನಡಾ ಎಂದೆಲ್ಲ ಹೇಳಿದೆ. ಇದು ದೂರದ ದೇಶಗಳ ವಿದ್ಯೆ ಎಂದುಕೊಳ್ಳಬೇಡಿ. ಕೊಡಿಗೇಹಳ್ಳಿಯಿಂದ ಸಹಕಾರನಗರ ದಾಟಿದರೆ ಜಿಕೆವಿಕೆ ಆವರಣ. ಅದರೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. 1990ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿ ಮೊದಲ ನಿರ್ದೇಶಕರಾದವರು ಪ್ರೊ. ಒಬೈದ್ ಸಿದ್ದೀಖಿ (1932-2013). ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯವರು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದವರು, 2006ರಲ್ಲಿ ಪದ್ಮವಿಭೂಷಣ ಪಡೆದವರು. ಹಣ್ಣಿನ ನೊಣ ವಾಸನೆ, ರುಚಿಗಳನ್ನು ಹೇಗೆ ಗುರುತಿಸುತ್ತದೆ ಎಂಬ ಸಣ್ಣದೆನಿಸುವ ಪ್ರಶ್ನೆಗೆ ದಶಕಗಳನ್ನು ಕೊಟ್ಟವರು.

ಅದೇ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಭೌತವಿಜ್ಞಾನಿ ಮದನ್ ರಾವ್ ಅವರೊಡನೆ ಸೇರಿ, ಕೋಶದ ಹೊರಪೊರೆಯ ಕೆಲವು ಪ್ರೋಟೀನುಗಳು ತಾವಾಗಿಯೇ ಗುಂಪುಗೂಡುವುದಿಲ್ಲ, ಪೊರೆಯ ಕೆಳಗಿನ ಆಕ್ಟಿನ್ ಎಳೆಗಳು ಅವನ್ನು ಒಟ್ಟುಗೂಡಿಸುತ್ತವೆ ಎಂದು 2008 ಮತ್ತು 2012ರಲ್ಲಿ ತೋರಿಸಿತು. ಪಕ್ಕದ ಇನ್‌ಸ್ಟೆಮ್ ಸಂಸ್ಥೆಯ ಮಿನ್ಹಾಜುದ್ದೀನ್ ಸಿರಾಜುದ್ದೀನ್, ಕೈನೆಸಿನ್ ಕಂಡುಹಿಡಿದ ರಾನ್ ವೇಲ್ ಅವರ ಪ್ರಯೋಗಾಲಯದಲ್ಲಿ ದುಡಿದು ಬಂದವರು. ಟ್ಯೂಬ್ಯುಲಿನ್ ಇಟ್ಟಿಗೆಯ ಮೇಲಿನ ಸಣ್ಣ ರಾಸಾಯನಿಕ ಗುರುತುಗಳು ದಾರಿಯ ಫಲಕಗಳಂತೆ ಹಮಾಲರ ನಡಿಗೆಯನ್ನು ಬದಲಿಸುತ್ತವೆ ಎಂಬುದು 2014ರಲ್ಲಿ ಪ್ರಕಟವಾದ ಅವರ ಕೆಲಸದ ಸಾರ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲರ್ಕಟ್ ಮತ್ತು ಸಂಗಡಿಗರು 2020ರಲ್ಲಿ ಇನ್ನೊಂದು ಸಂಗತಿ ಪ್ರಕಟಿಸಿದರು. ನಾವು ಕೈಕಾಲು ಚಾಚಿದಾಗಲೆಲ್ಲ ನರಗಳೂ ಎಳೆತಕ್ಕೆ ಸಿಗುತ್ತವೆ. ಆಗ ಅವು ತುಂಡಾಗದಂತೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನು ಸುರುಳಿ ಬಿಚ್ಚಿ ವಾಹನದ ಶಾಕ್ ಅಬ್ಸಾರ್ಬರಿನಂತೆ ಕೆಲಸ ಮಾಡುತ್ತದೆ. ಕೆಂಪು ರಕ್ತಕಣ ತನಗಿಂತ ಇಕ್ಕಟ್ಟಾದ ರಕ್ತನಾಳಗಳಲ್ಲಿ ನುಸುಳುತ್ತ ಸುಮಾರು 120 ದಿನ ಬಾಳುವುದಕ್ಕೂ ಇದೇ ಸ್ಪೆಕ್ಟ್ರಿನ್ ಬಲೆಯ ನೆರವಿದೆ.

ಇವರಲ್ಲಿ ಕೆಲವರು ಜೀವವಿಜ್ಞಾನಿಗಳು, ಕೆಲವರು ಭೌತವಿಜ್ಞಾನಿಗಳು ಎಂಬುದನ್ನು ಗಮನಿಸಿ. ಡಾಕ್ಟರಾಗಬೇಕು, ಇಲ್ಲವೇ ಇಂಜಿನಿಯರಾಗಬೇಕು ಎಂಬ ಎರಡೇ ದಾರಿಯಲ್ಲಿ ಯೋಚಿಸುವ ನಮ್ಮ ಮನೆಗಳಲ್ಲಿ ಈ ಮೂರನೆಯ ದಾರಿಯ ಮಾತೂ ಆಗಲಿ. ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಿಗೆ ಬಿ.ಎಸ್ಸಿ., ಎಂ.ಎಸ್ಸಿ. ಓದಲು ಅವಕಾಶ ಕೊಡಿ. ಇಂಥ ಪ್ರಯೋಗಾಲಯಗಳು ಮನೆಯಿಂದ ದಿನವೂ ಹೋಗಿಬರುವಷ್ಟು ಹತ್ತಿರದಲ್ಲಿವೆ. ಜೋಮು ಹಿಡಿಸದೆ ಕ್ಯಾನ್ಸರ್ ಕೋಶವನ್ನು ಮಾತ್ರ ತಡೆಯುವ ಔಷಧ ಇನ್ನೂ ಬೇಕಾಗಿದೆ. ಅದಕ್ಕೆ ನಳಿಕೆಯನ್ನು ಇನ್ನೂ ಚೆನ್ನಾಗಿ ಅರಿಯುವವರು ಬೇಕು. ಅವರಲ್ಲಿ ಒಬ್ಬರು ಈ ಸಭೆಯಿಂದ ಏಕೆ ಬರಬಾರದು?

ಪರೀಕ್ಷೆಗೆ ಮೂರು ಎಳೆಗಳ ಹೆಸರು ಬರೆದರೆ ಅಂಕ ಸಿಗುತ್ತದೆ, ಅದನ್ನು ಖಂಡಿತ ಬರೆಯಿರಿ. ಜೊತೆಗೆ ಇಂದು ಮನೆಗೆ ಹೋಗಿ, ಕೀಲುನೋವಿಗೆ ಔಷಧ ತೆಗೆದುಕೊಳ್ಳುವ ಹಿರಿಯರಿದ್ದರೆ ಅವರ ಡಬ್ಬಿಯ ಮೇಲಿನ ಹೆಸರನ್ನು ಓದಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ನೆಂಟರೋ ನೆರೆಯವರೋ ಇದ್ದರೆ, ಕೈಕಾಲು ಜೋಮು ಬಂದಾಗ ಆಸ್ಪತ್ರೆ ಬಿಡಬೇಡಿ, ವೈದ್ಯರಿಗೆ ತಿಳಿಸಿ ಎಂಬ ಒಂದು ಮಾತನ್ನು ಮುಟ್ಟಿಸಿ. ಅಷ್ಟಾದರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕ.